ಸಿಡ್ನಿ ರಿಂಗರನೂ ಕೊಳಾಯಿಯ ನೀರೂ

ಜಗಳೂರಿನ ಕಡೆಯ ಗೃಹಿಣಿಯರಿಗೆ ಗಡಸು ನೀರು ಎಂದರೇನೆಂಬುದನ್ನು ರಸಾಯನಶಾಸ್ತ್ರದ ಅಧ್ಯಾಪಕರು ಹೇಳಿಕೊಡಬೇಕಾದುದಿಲ್ಲ. ಕೊಳವೆಬಾವಿಯ ನೀರು ಕಾಯುವ ಹಂಡೆಯ ಒಳಮೈಗೆ ಬಿಳಿಯ ಪೊರೆ ಕಟ್ಟುತ್ತದೆ, ಬೇಳೆ ಬೇಗ ಬೇಯದು, ಸಾಬೂನು ನೊರೆಗಟ್ಟದು. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ಸುಣ್ಣದ ಅಂಶವೇ, ಎಂದರೆ ಕ್ಯಾಲ್ಸಿಯಮ್ಮಿನ ಲವಣಗಳೇ, ಈ ಉಪದ್ರವಕ್ಕೆ ಮುಖ್ಯ ಕಾರಣ. ಅಡುಗೆಮನೆಯಲ್ಲಿ ಬೈಗುಳಕ್ಕೆ ಗುರಿಯಾಗುವ ಈ ಸುಣ್ಣವಿಲ್ಲದೆ ಹೃದಯವು ಬಡಿಯಲಾರದು ಎಂಬುದು ಜಗತ್ತಿಗೆ ತಿಳಿದುಬಂದದ್ದು 1883ರಲ್ಲಿ. ಅದನ್ನು ತಿಳಿಸಿದವನು ಲಂಡನ್ನಿನ ಒಬ್ಬ ವೈದ್ಯ. ಅವನಿಗೆ ತಿಳಿಸಿಕೊಟ್ಟದ್ದು ಆ ನಗರದ ಕೊಳಾಯಿಯ ನೀರು.

ಆ ವೈದ್ಯನ ಹೆಸರು ನಮ್ಮ ಜನಕ್ಕೆ ಪರಿಚಿತವೆನ್ನಲಾಗದು, ಅಪರಿಚಿತವೆನ್ನಲೂ ಆಗದು. ಚನ್ನಗಿರಿ, ಹೊನ್ನಾಳಿ, ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ, ಜಗಳೂರು, ಹೀಗೆ ಯಾವ ಊರಿನ ಆಸ್ಪತ್ರೆಗೆ ಹೋದರೂ ವಾಂತಿಭೇದಿಯಿಂದ ಬಳಲಿ ಬಂದ ರೋಗಿಯ ಮಂಚದ ಪಕ್ಕದಲ್ಲಿ ಒಂದು ಬಾಟಲಿ ತೂಗುತ್ತಿರುತ್ತದೆ. ಜನರು ಅದನ್ನು ಗ್ಲೂಕೋಸ್ ಹಾಕುವುದು ಎನ್ನುವರು; ಅನೇಕ ವೇಳೆ ಅದರಲ್ಲಿ ಗ್ಲೂಕೋಸು ಇರುವುದೇ ಇಲ್ಲ. ದಾದಿಯರು ಆರ್.ಎಲ್. ಎನ್ನುವರು. ಚೀಟಿಯನ್ನು ಓದುವ ತಾಳ್ಮೆಯುಳ್ಳವರಿಗೆ ರಿಂಗರ್ ಲ್ಯಾಕ್ಟೇಟ್ ಎಂಬ ಎರಡು ಪದಗಳು ಕಾಣುವುವು. ಎರಡನೆಯದು ಒಂದು ಲವಣದ ಹೆಸರು. ಮೊದಲನೆಯದನ್ನು ಯಾವುದೋ ಔಷಧ ಕಂಪನಿಯ ಹೆಸರೆಂದು ಭಾವಿಸುವವರೇ ಹೆಚ್ಚು. ಅದು ಒಬ್ಬ ಮನುಷ್ಯನ ಹೆಸರು.

ಸಿಡ್ನಿ ರಿಂಗರನು ಇಂಗ್ಲೆಂಡಿನ ಪೂರ್ವಭಾಗದ ನಾರ್ವಿಚ್ ಪಟ್ಟಣದಲ್ಲಿ 1830ರ ದಶಕದ ನಡುವಿನಲ್ಲಿ ಹುಟ್ಟಿದನು. ವ್ಯಾಪಾರಸ್ಥರ ಮನೆತನ, ತಂದೆ ಮಕ್ಕಳು ಚಿಕ್ಕವರಿರುವಾಗಲೇ ತೀರಿಕೊಂಡನು. ಅಣ್ಣತಮ್ಮಂದಿರಲ್ಲಿ ಸಿಡ್ನಿಯೊಬ್ಬನು ವೈದ್ಯವಿದ್ಯೆಯನ್ನು ಹಿಡಿದರೆ ಉಳಿದವರು ಪೂರ್ವದೇಶಗಳ ವ್ಯಾಪಾರಕ್ಕೆ ಹೊರಟರು. ಒಬ್ಬನು ಚೀನದ ಶಾಂಘೈ ಸೇರಿದನು. ಇನ್ನೊಬ್ಬನಾದ ಫ್ರೆಡೆರಿಕ್ ಜಪಾನಿನ ನಾಗಸಾಕಿಯಲ್ಲಿ ಚಹಾ ವ್ಯಾಪಾರದಿಂದ ತೊಡಗಿ ದೊಡ್ಡ ಕೋಠಿಯನ್ನೇ ಕಟ್ಟಿದನು. ಆ ಊರಿನಲ್ಲಿ ಅವನ ಮನೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಜಪಾನಿನಲ್ಲಿ ರಿಂಗರ್ ಎಂಬ ಹೆಸರನ್ನು ಕೇಳಿದರೆ ಸಾಮಾನ್ಯರಿಗೆ ನೆನಪಾಗುವವನು ಈ ವ್ಯಾಪಾರಿಯೇ ಹೊರತು ವೈದ್ಯನಲ್ಲ.

ಮನೆತನದವರು ಇಂಗ್ಲೆಂಡಿನ ರಾಜಮಾನ್ಯ ಚರ್ಚಿಗೆ ಸೇರದ ಪಂಥದವರು. ಆಕ್ಸ್‌ಫರ್ಡ್, ಕೇಂಬ್ರಿಜ್ಜುಗಳ ಬಾಗಿಲು ಅಂಥವರಿಗೆ ಬಹುಕಾಲ ಮುಚ್ಚಿದ್ದಿತು. ಮತವನ್ನು ವಿಚಾರಿಸದೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಉದ್ದೇಶದಿಂದಲೇ ಹುಟ್ಟಿದ ಸಂಸ್ಥೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜು. 1854ರಲ್ಲಿ ರಿಂಗರನು ಅದನ್ನು ಸೇರಿದನು. 1860ರಲ್ಲಿ ವೈದ್ಯಪದವಿಯನ್ನು, 1863ರಲ್ಲಿ ಎಂ.ಡಿ.ಯನ್ನು ಪಡೆದನು. ಆ ಕಾಲೇಜಿನ ಆಸ್ಪತ್ರೆಯೇ ಮುಂದೆ ಅವನ ಜೀವಮಾನದ ಕಾರ್ಯಕ್ಷೇತ್ರವಾಯಿತು. ನಿವೃತ್ತನಾಗುವವರೆಗೂ, ಎಂದರೆ 1900ರವರೆಗೂ, ಅದರ ಆವರಣವನ್ನು ಅವನು ಬಿಡಲಿಲ್ಲ. ಔಷಧಶಾಸ್ತ್ರದ ಪ್ರಾಧ್ಯಾಪಕನಾಗಿ, ಅನಂತರ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿ ಅವನು ಏರಿದ ಮೆಟ್ಟಿಲುಗಳನ್ನೆಲ್ಲ ಇಲ್ಲಿ ಎಣಿಸಬೇಕಾದುದಿಲ್ಲ. 1869ರಲ್ಲಿ ಅವನು ಬರೆದ ಚಿಕಿತ್ಸಾಶಾಸ್ತ್ರದ ಕೈಪಿಡಿಯನ್ನು ಮಾತ್ರ ಹೆಸರಿಸಬೇಕು. 1897ರ ವೇಳೆಗೆ ಅದು ಹದಿಮೂರು ಮುದ್ರಣಗಳನ್ನು ಕಂಡಿತು. ಆ ಪೀಳಿಗೆಯ ಇಂಗ್ಲಿಷ್ ವೈದ್ಯರು ಯಾವ ರೋಗಕ್ಕೆ ಯಾವ ಮದ್ದು ಎಂದು ನೋಡುತ್ತಿದ್ದುದು ಆ ಪುಸ್ತಕವನ್ನು. ಅವನು ಬೇರೇನನ್ನೂ ಮಾಡದಿದ್ದರೂ ತನ್ನ ಕಾಲಕ್ಕೆ ದೊಡ್ಡ ವೈದ್ಯನೆನಿಸಿಕೊಳ್ಳುತ್ತಿದ್ದನು. ಕಾಲ ಕಳೆದ ಮೇಲೆ ಅಂಥ ನೂರಾರು ಮಂದಿಯಂತೆ ಮರೆತೂ ಹೋಗುತ್ತಿದ್ದನು.

ಅವನ ದಿನಚರಿ ಗಡಿಯಾರದ ಮುಳ್ಳಿನಂಥದು. ಕ್ಯಾವೆಂಡಿಷ್ ಪ್ಲೇಸ್ ಎಂಬಲ್ಲಿ ಮನೆ; ಬೆಳಿಗ್ಗೆ ಬೇಗನೆ ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವುದು, ಮಧ್ಯೆ ಬಿಡುವು ಮಾಡಿಕೊಂಡು ಕಾಲೇಜಿನ ಶರೀರಕ್ರಿಯಾಶಾಸ್ತ್ರದ ಪ್ರಯೋಗಾಲಯಕ್ಕೆ ಓಡುವುದು, ಮತ್ತೆ ರೋಗಿಗಳು, ಮನೆಯಲ್ಲಿ ಖಾಸಗಿ ರೋಗಿಗಳು. ಪ್ರಯೋಗಾಲಯದಲ್ಲಿ ಅವನಿಗೆ ಸಂಬಳವಿಲ್ಲ, ಶಿಷ್ಯರ ದಂಡಿಲ್ಲ. ಲೈಪ್‌ಜಿಗ್ ಮೊದಲಾದ ಜರ್ಮನಿಯ ಊರುಗಳಲ್ಲಿ ಇದೇ ಕೆಲಸಕ್ಕೆ ದೊಡ್ಡ ಸಂಸ್ಥೆಗಳೂ ಸಹಾಯಕರೂ ಇದ್ದ ಕಾಲ ಅದು. ಇವನಾದರೋ ರೋಗಿಗಳ ನಡುವೆ ಕದ್ದ ಗಂಟೆಗಳಲ್ಲಿಯೇ ಶರೀರಕ್ರಿಯಾಶಾಸ್ತ್ರದ ಪತ್ರಿಕೆಗೆ ಮೂವತ್ತಕ್ಕೂ ಹೆಚ್ಚು ಲೇಖನಗಳನ್ನು ಬರೆದನು.

ಪ್ರಯೋಗದ ಬಗೆ ಹೀಗಿತ್ತು. ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿದರೂ ಅದು ತಕ್ಷಣ ಸಾಯುವುದಿಲ್ಲ. ಅದರ ಕೆಳಗೂಡಾದ ಹೃತ್ಕುಕ್ಷಿಗೆ ಸಣ್ಣ ಕೊಳವೆಯನ್ನು ಕಟ್ಟಿ ತಕ್ಕ ದ್ರವವನ್ನು ಹಾಯಿಸುತ್ತಿದ್ದರೆ ಗಂಟೆಗಟ್ಟಲೆ ಬಡಿಯುತ್ತಿರುತ್ತದೆ. ಪ್ರತಿಯೊಂದು ಬಡಿತವನ್ನೂ ಒಂದು ಕಡ್ಡಿಯು ಸುತ್ತುವ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ತಕ್ಕ ದ್ರವವೆಂದರೆ ಯಾವುದು? ರಕ್ತವಂತೂ ಸರಿ. ಆದರೆ ರಕ್ತದಲ್ಲಿ ನೂರು ಬಗೆಯ ಪದಾರ್ಥಗಳಿವೆ. ಅವುಗಳಲ್ಲಿ ಹೃದಯವನ್ನು ಬಡಿಸುವುದು ಯಾವುದು? ರಿಂಗರನು ಒಂದೊಂದನ್ನೇ ತೆಗೆದು, ಒಂದೊಂದನ್ನೇ ಸೇರಿಸಿ ನೋಡಲು ತೊಡಗಿದನು. ಮೂಲದ್ರವ ಉಪ್ಪುನೀರು: ನೂರು ಭಾಗಕ್ಕೆ ಮುಕ್ಕಾಲು ಭಾಗ ಅಡುಗೆಯುಪ್ಪು. ಅದಕ್ಕೆ ತುಸು ಪೊಟ್ಯಾಸಿಯಂ ಲವಣವನ್ನು ಬೆರೆಸಿದರೆ ಹೃದಯವು ಚೆನ್ನಾಗಿಯೇ ನಡೆಯುತ್ತದೆಂದು ಕಂಡಿತು. 1882ರಲ್ಲಿ ಈ ಫಲಿತಾಂಶವನ್ನು ಅವನು ಪ್ರಕಟಿಸಿಬಿಟ್ಟನು.

ಆ ಮೇಲೆ ನಡೆದ ಸಂಗತಿಯೇ ಅವನ ಹೆಸರನ್ನು ಉಳಿಸಿದ್ದು. ಉಪ್ಪುನೀರನ್ನು ಹೊಸದಾಗಿ ತಯಾರಿಸಿದ ಒಂದು ದಿನ ಹೃದಯವು ಮೊದಲಿನಂತೆ ನಡೆಯಲಿಲ್ಲ. ಬಡಿತ ಕುಗ್ಗುತ್ತ ಬಂದು ಕೆಲವು ನಿಮಿಷಗಳಲ್ಲಿ ನಿಂತೇ ಹೋಯಿತು. ಕಪ್ಪೆ ಅದೇ, ಸಲಕರಣೆ ಅದೇ, ಉಪ್ಪು ಅದೇ. ವಿಚಾರಿಸಲಾಗಿ ಗುಟ್ಟು ಹೊರಬಿದ್ದಿತು. ಹಿಂದಿನ ಉಪ್ಪುನೀರನ್ನು ಬಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಮಾಡಿರಲಿಲ್ಲ, ಕೊಳಾಯಿಯಿಂದ ಹಿಡಿದ ನೀರಿನಲ್ಲಿ ಮಾಡಿತ್ತು. ಪ್ರಯೋಗಾಲಯದ ಸೇವಕನು ನೀರನ್ನು ಬಟ್ಟಿ ಇಳಿಸುವ ಶ್ರಮವೇಕೆಂದು ನಲ್ಲಿಯನ್ನು ತಿರುಗಿಸಿದ್ದನಂತೆ. ಈ ಕಥೆಯನ್ನು ಮುಂದೆ ನೊಬೆಲ್ ಪಾರಿತೋಷಕವನ್ನು ಪಡೆದ ಹೆನ್ರಿ ಡೇಲನು ಅದೇ ಕಾಲೇಜಿನ ವಯಸ್ಸಾದ ಸೇವಕನೊಬ್ಬನಿಂದ ಕೇಳಿ ಲೋಕಕ್ಕೆ ಹೇಳಿದನು. ಸೇವಕನ ಸೋಮಾರಿತನದಿಂದ ವಿಜ್ಞಾನ ಬೆಳೆಯಿತೆಂದು ಪಠ್ಯಪುಸ್ತಕಗಳು ಅದನ್ನು ಬಣ್ಣಕಟ್ಟಿ ಹೇಳುತ್ತ ಬಂದಿವೆ.

ಕಥೆ ಸೊಗಸಾಗಿದೆ, ನ್ಯಾಯವಾಗಿದೆಯೇ ಎಂಬುದು ಬೇರೆ ಮಾತು. ಕೊಳಾಯಿಯ ನೀರನ್ನು ಬಳಸಿದ ಪ್ರಯೋಗಾಲಯಗಳು ಯೂರೋಪಿನಲ್ಲಿ ಇನ್ನೆಷ್ಟೋ ಇದ್ದಿರಬೇಕು. ಬಡಿತ ನಿಂತ ಹೃದಯವನ್ನು ಎಸೆದು ಇನ್ನೊಂದು ಕಪ್ಪೆಯನ್ನು ತೆಗೆದುಕೊಂಡವರೂ ಇದ್ದಿರಬೇಕು. ರಿಂಗರನಿಗಿದ್ದ ಸುಲಭದ ದಾರಿ ಅದು. ಲೇಖನ ಅಚ್ಚಾಗಿ ಹೋಗಿತ್ತು, ಅವನು ಹೆಸರಾದ ವೈದ್ಯ, ಕೇಳುವವರಿರಲಿಲ್ಲ. ಅವನು ಆ ದಾರಿಯನ್ನು ಹಿಡಿಯಲಿಲ್ಲ. 1883ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ಲೇಖನವನ್ನು ಬರೆದು, ಹಿಂದಿನ ವರ್ಷ ತಾನು ಶುದ್ಧವೆಂದು ಹೇಳಿದ ಉಪ್ಪುನೀರು ಶುದ್ಧವಾಗಿರಲಿಲ್ಲವೆಂದೂ, ತಾನು ಉಪ್ಪಿಗೆ ಆರೋಪಿಸಿದ ಗುಣ ನೀರಿನ ಕಲ್ಮಶದ್ದೆಂದೂ ಮೊದಲಲ್ಲೇ ಹೇಳಿಬಿಟ್ಟನು. ಬಳಿಕ ಆ ನೀರಿನಲ್ಲಿ ಏನೇನಿದೆಯೆಂದು ಲೆಕ್ಕವಿಟ್ಟನು. ಅದು ನ್ಯೂ ರಿವರ್ ಎಂಬ ಕಂಪನಿ ಒದಗಿಸುತ್ತಿದ್ದ ನೀರು. ಹೆಸರು ನದಿಯಾದರೂ ಅದೊಂದು ನಾಲೆ: 1613ರಲ್ಲಿ ಹರ್ಟ್‌ಫರ್ಡ್ ಸೀಮೆಯ ಊಟೆಗಳಿಂದ ಲಂಡನ್ನಿಗೆ ತೋಡಿ ತಂದದ್ದು. ಆ ಊಟೆಗಳು ಹುಟ್ಟುವುದು ಸೀಮೆಸುಣ್ಣದ ಕಲ್ಲಿನ ನೆಲದಲ್ಲಿ. ಹೀಗಾಗಿ ನೀರಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 38 ಭಾಗ ಕ್ಯಾಲ್ಸಿಯಂ ಇದ್ದಿತು.

ಆ ಅತ್ಯಲ್ಪ ಅಂಶವನ್ನು ಶುದ್ಧ ಉಪ್ಪುನೀರಿಗೆ ಕೈಯಾರೆ ಬೆರೆಸಿ ನೋಡಿದಾಗ ನಿಂತ ಹೃದಯ ಮತ್ತೆ ಬಡಿಯಿತು. ಸುಣ್ಣ ಹೆಚ್ಚಾದರೆ ಹೃದಯ ಬಿಗಿದುಕೊಂಡು ಸಡಿಲವಾಗದೆ ನಿಲ್ಲುತ್ತದೆ; ಪೊಟ್ಯಾಸಿಯಂ ಹೆಚ್ಚಾದರೆ ಸಡಿಲವಾಗಿ ನಿಲ್ಲುತ್ತದೆ. ಎರಡೂ ಒಂದನ್ನೊಂದು ಹಿಡಿತದಲ್ಲಿಟ್ಟುಕೊಂಡ ಹದದಲ್ಲಿಯೇ ಬಡಿತ ಸಾಧ್ಯ. ಇದನ್ನು ಕಂಡ ಮೇಲೆ ಅವನು ಅಲ್ಲಿಗೆ ನಿಲ್ಲಲಿಲ್ಲ. ಬಟ್ಟಿ ಇಳಿಸಿದ ನೀರಿನಲ್ಲಿ ಮೀನುಗಳನ್ನು ಬಿಟ್ಟು ಅವು ಬೇಗನೆ ಸಾಯುವುದನ್ನೂ ತುಸು ಸುಣ್ಣ ಸೇರಿಸಿದರೆ ಹೆಚ್ಚು ಕಾಲ ಬದುಕುವುದನ್ನೂ ನೋಡಿದನು. ಗೊದಮೊಟ್ಟೆಗಳ ಬೆಳವಣಿಗೆಯಲ್ಲಿ, ಹಾಲು ಹೆಪ್ಪುಗಟ್ಟುವುದರಲ್ಲಿ ಸುಣ್ಣದ ಪಾತ್ರವನ್ನು ಹುಡುಕಿದನು. ಎಲುಬು ಹಲ್ಲುಗಳ ಕಟ್ಟಡದ ಸಾಮಾನೆಂದು ಮಾತ್ರ ತಿಳಿದಿದ್ದ ಸುಣ್ಣವು ಜೀವದ ವ್ಯಾಪಾರಗಳಲ್ಲಿ ಕೈಯಾಡಿಸುವ ಪದಾರ್ಥವೆಂಬುದು ಹೀಗೆ ಅವನ ಕೈಯಿಂದ ಗೊತ್ತಾಯಿತು. 1885ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು.

ಇಷ್ಟನ್ನೇ ಹೇಳಿ ಮುಗಿಸಿದರೆ ಜೀವನಚರಿತ್ರೆಯಾಗದೆ ಸ್ತೋತ್ರವಾಗುತ್ತದೆ. ಅದೇ 1883ರಲ್ಲಿ ರಿಂಗರನ ಹೆಸರು ಪತ್ರಿಕೆಗಳಲ್ಲಿ ಬೇರೊಂದು ಕಾರಣಕ್ಕೆ ಬಂದಿತು. ವಿಲಿಯಂ ಮರೆಲ್ ಎಂಬ ವೈದ್ಯನು ಎದೆಶೂಲೆಗೆ ನೈಟ್ರೋಗ್ಲಿಸರೀನ್ ಕೊಟ್ಟು ಗುಣ ಕಂಡವನು. ಅದೇ ಜಾತಿಯ ಸೋಡಿಯಂ ನೈಟ್ರೈಟ್ ಎಂಬ ಲವಣದ ಪ್ರಭಾವವನ್ನು ಅರಿಯಲು ಅವನೂ ರಿಂಗರನೂ ಕೂಡಿ ಹದಿನೆಂಟು ಮಂದಿಗೆ ಅದನ್ನು ಕುಡಿಸಿದರು. ಹದಿನೇಳು ಮಂದಿ ತಮಗೆ ಅದನ್ನು ತೆಗೆದುಕೊಳ್ಳಲಾಗದೆಂದರು. ತಲೆ ಸಿಡಿತ, ಕಣ್ಣುಕತ್ತಲೆ, ನಡುಕ. ಕುಡಿದವರು ಆಸ್ಪತ್ರೆಗೆ ಮದ್ದಿಗೆಂದು ಬಂದ ಬಡಜನರು. ಇಬ್ಬರೂ ಇದನ್ನು ಮುಚ್ಚಿಡಲಿಲ್ಲ, ವೈದ್ಯಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ದೊಡ್ಡ ಕೋಲಾಹಲವೆದ್ದಿತು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಇಂಗ್ಲೆಂಡಿನಲ್ಲಿ 1876ರಿಂದಲೇ ಕಾನೂನು ಇದ್ದಿತು. ಕಪ್ಪೆಗೂ ಇದ್ದ ಆ ರಕ್ಷಣೆ ಆಸ್ಪತ್ರೆಯ ಬಡವನಿಗಿಲ್ಲವೇ ಎಂದು ಆಕ್ಷೇಪಕರು ಕೇಳಿದಾಗ ಉತ್ತರ ಸುಲಭವಿರಲಿಲ್ಲ. ಹೃದಯದ ವಿಷಯದಲ್ಲಿ ತನ್ನ ಬರಹವನ್ನೇ ಅನುಮಾನಿಸಿ ತಿದ್ದಿಕೊಂಡ ಮನುಷ್ಯನಿಗೆ, ರೋಗಿಯ ಒಪ್ಪಿಗೆಯನ್ನು ಕೇಳಬೇಕೆಂದು ತೋರಲಿಲ್ಲ. ಅಂದಿನ ವೈದ್ಯರಲ್ಲಿ ಹಲವರಿಗೆ ಅದು ತೋರುತ್ತಿರಲಿಲ್ಲವೆಂಬುದು ವಿವರಣೆಯಾದೀತು, ಸಮರ್ಥನೆಯಾಗದು.

ಅವನ ಸಂಸಾರದ ಕಥೆ ಚಿಕ್ಕದು. 1867ರಲ್ಲಿ ಯಾರ್ಕ್ ಸೀಮೆಯ ಡಾರ್ಲಿ ಮನೆತನದ ಆನ್ ಎಂಬಾಕೆಯನ್ನು ಮದುವೆಯಾದನು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಅವರಲ್ಲಿ ಆನಿ ಎಂಬವಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಹದಿಮೂರು ಮುದ್ರಣ ಕಂಡ ಚಿಕಿತ್ಸಾಗ್ರಂಥವನ್ನು ಬರೆದವನ ಮನೆಯಲ್ಲಿ, ಮಕ್ಕಳ ಆಸ್ಪತ್ರೆಯಲ್ಲಿ ಐದಾರು ವರ್ಷ ದುಡಿದವನ ಮನೆಯಲ್ಲಿ, ಇದು ನಡೆಯಿತು. ಯಾರ್ಕ್ ಸೀಮೆಯ ಬಯಲು ಗುಡ್ಡಗಳ ಅಂಚಿನಲ್ಲಿರುವ ಲ್ಯಾಸ್ಟಿಂಗ್‌ಹ್ಯಾಂ ಎಂಬ ಹಳ್ಳಿಯಲ್ಲಿ ಹನ್ನೊಂದನೆಯ ಶತಮಾನದ ನೆಲಮಾಳಿಗೆಯುಳ್ಳ ಹಳೆಯ ಚರ್ಚೊಂದಿದೆ. ಮಗಳ ನೆನಪಿಗಾಗಿ ತಾಯಿತಂದೆಗಳು ಅದಕ್ಕೆ ಕಲ್ಲಿನ ಕಮಾನುಚಾವಣಿಯನ್ನು ಕಟ್ಟಿಸಿಕೊಟ್ಟರು. 1879ರಲ್ಲಿ ಆ ಕೆಲಸ ನಡೆಯಿತು. ಹೃದಯದ ಕುರಿತ ಅವನ ಮುಖ್ಯ ಪ್ರಯೋಗಗಳೆಲ್ಲ ಅದಾದ ನಂತರದವು. ಹೆಂಡತಿ 1899ರಲ್ಲಿ ತೀರಿಕೊಂಡಳು. ಮರುವರ್ಷ ಅವನು ಕೆಲಸ ಬಿಟ್ಟು ಆ ಹಳ್ಳಿಯನ್ನು ಸೇರಿ, 1910ರ ಅಕ್ಟೋಬರ್ 14ರಂದು ಅಲ್ಲಿಯೇ ಕಾಲವಾದನು.

ತನ್ನ ದ್ರವವನ್ನು ಅವನು ಮನುಷ್ಯರ ರಕ್ತನಾಳಕ್ಕೆ ಹಾಕಲೆಂದು ಮಾಡಿದವನಲ್ಲ. ಕಾಲರಾ ರೋಗಿಯ ನಾಳಕ್ಕೆ ಉಪ್ಪುನೀರನ್ನು ಹಾಯಿಸಿದವನು ಥಾಮಸ್ ಲ್ಯಾಟಾ ಎಂಬ ಸ್ಕಾಟ್ ವೈದ್ಯ, ಅದೂ 1832ರಷ್ಟು ಹಿಂದೆ. ರಿಂಗರನ ಹದವನ್ನು ಫ್ರಾಂಕ್ ಲಾಕ್ ಎಂಬವನು ಬಿಸಿನೆತ್ತರಿನ ಪ್ರಾಣಿಗಳ ಹೃದಯಕ್ಕೆ ಒಗ್ಗುವಂತೆ ಮಾರ್ಪಡಿಸಿದನು. 1930ರ ದಶಕದ ಆರಂಭದಲ್ಲಿ ಅಮೆರಿಕದ ಸೇಂಟ್ ಲೂಯಿಸಿನ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್, ಭೇದಿಯಿಂದ ಬಸವಳಿದು ರಕ್ತದಲ್ಲಿ ಆಮ್ಲ ಹೆಚ್ಚಿದ ಕೂಸುಗಳಿಗಾಗಿ ಅದಕ್ಕೆ ಸೋಡಿಯಂ ಲ್ಯಾಕ್ಟೇಟನ್ನು ಬೆರೆಸಿದನು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಬಾಟಲಿ ಅದೇ. ಅರ್ಧ ಲೀಟರಿನ ಬಾಟಲಿಯಲ್ಲಿ ಅಡುಗೆಯುಪ್ಪು 3 ಗ್ರಾಂ. ಸುಣ್ಣದ ಲವಣವಾದ ಕ್ಯಾಲ್ಸಿಯಂ ಕ್ಲೋರೈಡು ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿಗೆ ತುಸು ಹೆಚ್ಚು ಕಡಿಮೆ.

ಸುಣ್ಣವು ಹೃದಯದ ಒಳಗೆ ಹೋಗುವುದು ಹೇಗೆಂಬುದು ರಿಂಗರನಿಗೆ ತಿಳಿದಿರಲಿಲ್ಲ. ಅದಕ್ಕೆ ಇನ್ನೂ ನೂರು ವರ್ಷ ಬೇಕಾಯಿತು. ಚನ್ನಗಿರಿಯ ಕಡೆ ಸೂಳೆಕೆರೆಯನ್ನು ಬಲ್ಲವರಿಗೆ ಇದನ್ನು ಹೇಳುವುದು ಕಷ್ಟವಲ್ಲ. ಏರಿಯ ಒಂದು ಪಕ್ಕದಲ್ಲಿ ನೀರು ತುಂಬಿ ನಿಂತಿದೆ, ಇನ್ನೊಂದು ಪಕ್ಕದಲ್ಲಿ ಗದ್ದೆ ಕಾದಿದೆ; ನಡುವೆ ತೂಬು. ಹೃದಯದ ಒಂದೊಂದು ಜೀವಕೋಶದ ಪೊರೆಯೂ ಅಂಥ ಏರಿ. ಹೊರಗಿನ ಸುಣ್ಣ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಪೊರೆಯಲ್ಲಿ ಪ್ರೋಟೀನಿನಿಂದಾದ ತೂಬುಗಳಿವೆ; ವಿಜ್ಞಾನಿಗಳು ಅವನ್ನು ಕ್ಯಾಲ್ಸಿಯಂ ಕಾಲುವೆಗಳೆನ್ನುವರು, ತೂಬು ಎಂಬುದೇ ನನಗೆ ಹೆಚ್ಚು ಒಪ್ಪಿಗೆ, ಏಕೆಂದರೆ ಅವಕ್ಕೆ ಬಾಗಿಲುಂಟು. ವಿದ್ಯುತ್ತಿನ ಒಂದು ಸಣ್ಣ ಅಲೆ ಪೊರೆಯನ್ನು ಮುಟ್ಟಿದೊಡನೆ ಬಾಗಿಲು ಕ್ಷಣಾಂಶದ ಮಟ್ಟಿಗೆ ತೆರೆಯುತ್ತದೆ, ಸುಣ್ಣ ಒಳನುಗ್ಗುತ್ತದೆ, ಸ್ನಾಯು ಕುಗ್ಗುತ್ತದೆ. ಬಾಗಿಲು ಮುಚ್ಚಿ ಸುಣ್ಣವನ್ನು ಹೊರಹಾಕಿದಾಗ ಸಡಿಲುತ್ತದೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ. ಕೈಕಾಲುಗಳ ಸ್ನಾಯುಗಳು ಒಳಗೇ ಸುಣ್ಣದ ದಾಸ್ತಾನನ್ನು ಇಟ್ಟುಕೊಂಡಿರುವುದರಿಂದ ಹೊರಗಿನದಿಲ್ಲದಿದ್ದರೂ ಬಹಳ ಹೊತ್ತು ದುಡಿಯಬಲ್ಲವು. ಕಪ್ಪೆಯ ಹೃದಯಕ್ಕೆ ಆ ದಾಸ್ತಾನು ತೀರ ಕಡಿಮೆ. ಅದು ಹೊರಗಿನ ಸುಣ್ಣವನ್ನೇ ನೆಚ್ಚಿದೆ. ರಿಂಗರನಿಗೆ ಅದೃಷ್ಟವೆಂಬುದು ಒಲಿದಿದ್ದರೆ ಅದು ಸೇವಕನ ರೂಪದಲ್ಲಲ್ಲ, ಕಪ್ಪೆಯ ರೂಪದಲ್ಲಿ ಎನ್ನಬೇಕು.

1953ರಲ್ಲಿ ಫಾಟ್ ಮತ್ತು ಕಾಟ್ಜ್ ಎಂಬಿಬ್ಬರು ಏಡಿಯ ಸ್ನಾಯುವಿನಲ್ಲಿ ಈ ತೂಬಿನ ಸುಳಿವನ್ನು ಹಿಡಿದರು. ಇಬ್ಬರೂ ದುಡಿಯುತ್ತಿದ್ದುದು ರಿಂಗರನ ಯೂನಿವರ್ಸಿಟಿ ಕಾಲೇಜಿನಲ್ಲಿಯೇ. 1960ರ ದಶಕದಲ್ಲಿ ಜರ್ಮನಿಯ ಫ್ಲೆಕೆನ್‌ಸ್ಟೈನ್ ಕೆಲವು ಔಷಧಗಳು ಸುಣ್ಣದ ಪ್ರವೇಶವನ್ನು ತಡೆದು ಹೃದಯವನ್ನು ನಿಧಾನಗೊಳಿಸುವುದನ್ನು ಕಂಡನು. ಇಂದು ರಕ್ತದ ಒತ್ತಡಕ್ಕೆಂದು ಹಳ್ಳಿಹಳ್ಳಿಯ ವೃದ್ಧರು ದಿನಕ್ಕೊಂದರಂತೆ ನುಂಗುವ ಅಮ್ಲೋಡಿಪಿನ್ ಮಾತ್ರೆ ಇದೇ ವಂಶದ್ದು. ರಕ್ತನಾಳದ ಗೋಡೆಯ ತೂಬುಗಳನ್ನು ತುಸು ಬಿಗಿಹಿಡಿಯುವುದೇ ಅದರ ಕೆಲಸ. ತೂಬಿನ ಅಚ್ಚನ್ನು ಅಕ್ಷರ ಅಕ್ಷರವಾಗಿ ಓದಿದ ಕೀರ್ತಿ ಜಪಾನಿನ ಕ್ಯೋಟೋ ನಗರದ ಶೋಸಾಕು ನುಮಾನ ತಂಡಕ್ಕೆ ಸಲ್ಲಬೇಕು. 1987ರಲ್ಲಿ ಮೊಲದ ಕೈಕಾಲ ಸ್ನಾಯುವಿನದನ್ನೂ 1989ರಲ್ಲಿ ಮೊಲದ ಹೃದಯದ್ದನ್ನೂ ಅವರು ಓದಿ ಮುಗಿಸಿದರು. ಎರಡು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳನ್ನು ಪೋಣಿಸಿದ ಉದ್ದನೆಯ ಸರ ಅದು. ಮನುಷ್ಯನದು ಮುಂದಿನ ಕೆಲವೇ ವರ್ಷಗಳಲ್ಲಿ ತಿಳಿಯಿತು.

ಈಗ ಮನುಷ್ಯನ ತೂಬನ್ನು ಪರೀಕ್ಷಿಸಲು ಮನುಷ್ಯನ ಹೃದಯವನ್ನು ಮುಟ್ಟಬೇಕಾದುದಿಲ್ಲ. ಅದರ ವಂಶವಾಹಿಯನ್ನು ಪ್ರತಿಮಾಡಿ ಬೇರೆ ಜೀವಕೋಶಗಳಿಗೆ ಸೇರಿಸಿದರೆ ಅವು ತಮಗೆ ಸಂಬಂಧವಿಲ್ಲದ ಆ ಪ್ರೋಟೀನನ್ನು ತಯಾರಿಸಿಕೊಡುತ್ತವೆ. ಹೀಗೆ ಮಾಡಿದ ರೀಕಾಂಬಿನಂಟ್ ಪ್ರೋಟೀನು, ಇಡಿಯಾಗಿಯೋ ತುಂಡಾಗಿಯೋ, ಬೆರಳುದ್ದದ ಸೀಸೆಗಳಲ್ಲಿ ಸಂಶೋಧನಾಲಯಗಳಿಗೆ ಮಾರಾಟಕ್ಕೆ ಬರುತ್ತದೆ. ಅದು ಔಷಧವಲ್ಲ, ರೋಗಿಗೆ ಕೊಡುವುದಲ್ಲ. ಹೊಸ ಔಷಧದ ಅಣು ತೂಬಿಗೆ ಅಂಟುವುದೇ ಇಲ್ಲವೇ ಎಂಬಂಥ ಪ್ರಶ್ನೆಗಳನ್ನು ಗಾಜಿನ ಬಟ್ಟಲಿನಲ್ಲಿ ಕೇಳಲು ಬೇಕಾದ ಸಾಮಗ್ರಿ. 1883ರ ಆ ಹದಿನೆಂಟು ಮಂದಿಯ ನೆನಪಿರುವವರಿಗೆ ಇದು ಸಣ್ಣ ಸೌಕರ್ಯವೆನಿಸದು. ಮೊಲದ ಹೃದಯದ ತೂಬನ್ನು ನುಮಾನ ತಂಡದವರು ಮೊದಲು ನಡೆಸಿ ನೋಡಿದ್ದು ಆಫ್ರಿಕದ ಒಂದು ಜಾತಿಯ ಕಪ್ಪೆಯ ಮೊಟ್ಟೆಗಳಲ್ಲಿ. ಇಂಥ ಮೊಟ್ಟೆಗಳನ್ನು ಮುಳುಗಿಸಿಡುವ ಉಪ್ಪುನೀರಿಗೆ ಪ್ರಯೋಗಾಲಯಗಳಲ್ಲಿ ಇಂದಿಗೂ ಕಪ್ಪೆಯ ರಿಂಗರ್ ಎಂದೇ ಹೆಸರು. ಅದನ್ನು ಶುದ್ಧ ನೀರಿನಲ್ಲಿಯೇ ತಯಾರಿಸುವರು; ಸುಣ್ಣವನ್ನು ಪ್ರತ್ಯೇಕವಾಗಿ ತೂಗಿ ಹಾಕುವರು.